ಬರಿಗೈ

"ಕೊಡು ಆ ಟ್ಯೂಬು, ಪರೀಕ್ಷೆಗೆ ಒಯ್ಯೋ ಕೊರಿಯರ್‌ನವನು ಕಾಯ್ತಿದಾನೆ," ಎಂದು ಲ್ಯಾಬಿನ ಮುಖ್ಯಸ್ಥ ಟೋರ್ಬೆನ್ ಕೈ ಚಾಚಿದ. ಗಡ್ಡದಲ್ಲಿನ್ನೂ ಲ್ಯಾಬಿನಲ್ಲಿ ಪ್ರತಿ ಶುಕ್ರವಾರ ಹಂಚುವ ಕೇಕಿನ ಚೂರು.

ಟ್ಯೂಬು ಹಿಡಿದಿದ್ದ ಸಂಶೋಧಕಿ ಸೋಲ್ವೈಗ್‌ಗೆ ಮೈಯೆಲ್ಲ ಉರಿಯಿತು. "ಇದರಲ್ಲಿ ಎರಡು ಥರದ ಜೀವಕೋಶಗಳ ಆರ್‌ಎನ್‌ಎ ಬೆರೆತುಹೋಗಿದೆ ಅಂತ ಬೆಳಗ್ಗಿಂದ ಬಡ್ಕೋತಿದೀನಿ!"

"ಯಾರಿಗೆ ಗೊತ್ತಾಗುತ್ತೆ, ಬಿಡು. ನಮಗೆ ಬೇಕಾದ ಫಲಿತಾಂಶ ಬಂದ್ರಾಯ್ತು."

"ಕೆಟ್ಟ ಆರ್‌ಎನ್‌ಎಯನ್ನ ಒಂದು ಜೀವಕೋಶ ಕೂಡ ನ್ಯೂಕ್ಲಿಯಸ್ಸಿನ ಬಾಗಿಲು ದಾಟೋಕೇ ಬಿಡಲ್ಲ, ಒಳಗೇ ಚೂರು ಮಾಡುತ್ತೆ. ಜನ್ಮವೆಲ್ಲ ಅದನ್ನೇ ಪಾಠ ಮಾಡಿದೀಯ. ನಾಚಿಕೆ ಆಗಲ್ವಾ ನಿನಗೆ?"

ಅವಳು ಕೈಗವಸು ಕಿತ್ತೆಸೆದಳು. ಆ ಲ್ಯಾಬಿನಲ್ಲಿ ಬರಿಗೈಯಲ್ಲಿ ಯಾರೂ ಏನನ್ನೂ ಮುಟ್ಟುವುದಿಲ್ಲ. ಚರ್ಮದ ಕಿಣ್ವ ಸೋಕಿದರೆ ಸಾಕು, ಆರ್‌ಎನ್‌ಎ ನುಚ್ಚುನೂರು. "ಬೇಡ!" ಎಂದು ಟೋರ್ಬೆನ್ ಕಿರುಚುವಷ್ಟರಲ್ಲಿ ಸೋಲ್ವೈಗ್ ಮುಚ್ಚಳ ತೆಗೆದು ಟ್ಯೂಬಿನ ಬಾಯಿಗೆ ಬೆವರಿದ ಹೆಬ್ಬೆರಳೊತ್ತಿ, ತಲೆಕೆಳಗು ಮಾಡಿ ಚೆನ್ನಾಗಿ ಕುಲುಕಿ, ಅವನ ಅಂಗೈಯಲ್ಲಿಟ್ಟಳು.

"ಈಗ ಕಳಿಸು."