ಎಡಗಡೆ ಕನ್ನಡಿ

"ಗಾಡಿ ಬಸುರಿ ಆಗಿದೆ, ಮೆತ್ತಗೆ ಹೋಗ್ಬೇಕು," ಎನ್ನುತ್ತ ಶಂಭುಲಿಂಗಪ್ಪ ವರಾಂಡದ ಮರದ ಬೆಂಚಿನ ಮೇಲೆ ಕೂತು ಗೇರ್ ಹಾಕಿದರು. ಗೇರೂ ಇರಲಿಲ್ಲ, ಸ್ಟೇರಿಂಗೂ ಇರಲಿಲ್ಲ. ಗಾಳಿಯಲ್ಲಿ ಎರಡು ಕೈ, ನೆಲಕ್ಕೆ ಒತ್ತಿದ ಒಂದು ಕಾಲು, ಅಷ್ಟೆ. ಆಗತಾನೆ ಸ್ಕೂಲಿನಲ್ಲಿ ಪಾಠ ಮುಗಿಸಿ ಬಂದ ಮಗಳು ಮಹಾನಂದ ಬ್ಯಾಗು ಕೆಳಗಿಟ್ಟು, ಸೆರಗು ಸಿಕ್ಕಿಸಿ, ಅವರ ಎಡಕ್ಕೆ ಕ್ಲೀನರ್ ಜಾಗದಲ್ಲಿ ಕೂತಳು. ಹೋದ ವರ್ಷ ಲಕ್ವ ಹೊಡೆದ ಮೇಲೆ ಅಪ್ಪ ಅವಳ ಹೆಸರು ಮರೆತರು, ಊಟ ಮಾಡಿದ್ದು ಮರೆತರು, ಕೋಲಿಲ್ಲದೆ ನಾಲ್ಕು ಹೆಜ್ಜೆ ಇಡುವುದನ್ನೂ ಮರೆತರು. ದಾವಣಗೆರೆಯಿಂದ ತರಗುಪೇಟೆಗೆ ಅಕ್ಕಿ ತರುವ ದಾರಿಯನ್ನು ಮಾತ್ರ ಮರೆಯಲಿಲ್ಲ. ದಿನಾ ಸಂಜೆ ನಾಲ್ಕಕ್ಕೆ ಹೊರಡಲೇಬೇಕು. ಪಕ್ಕದಲ್ಲಿ ಯಾರೂ ಕೂರದಿದ್ದರೆ ಅರ್ಧ ಚಾಮರಾಜಪೇಟೆಗೆ ಕೇಳಿಸುವ ಹಾಗೆ ಕೂಗಿಕೊಳ್ಳುತ್ತಿದ್ದರು.

ಮೂವತ್ತು ವರ್ಷ ಲಾರಿ ಓಡಿಸಿದವರ ಭಾಷೆ ಈಗ ಅವಳ ನಾಲಗೆಗೂ ಹತ್ತಿತ್ತು. ಲೋಡು ಜಾಸ್ತಿಯಾದರೆ ಗಾಡಿ ಬಸುರಿ. ಪೊಲೀಸರು ಮಾವಂದಿರು, ಚೆಕ್‌ಪೋಸ್ಟು ಅತ್ತೆಮನೆ. "ಲೆಫ್ಟ್ ಖಾಲಿ, ಬರ್ಲಿ, ಬರ್ಲಿ," ಎಂದು ಅವಳು ಕೂಗಿದರೆ ಅಪ್ಪನ ಮುಖ ಅರಳುತ್ತಿತ್ತು. ತಿಳಿಯದೆ ಉಳಿದದ್ದು ಒಂದೇ ಮಾತು. ಶಿರಾ ದಾಟಿದ ಕೂಡಲೇ ಅವರ ದನಿ ಇಳಿದುಹೋಗುತ್ತಿತ್ತು. "ಕಲ್ಲು ತಾಗ್ತು. ಕನ್ನಡಿ ಮಡ್ಚು." ಅವಳು ಎಡಗೈ ಹೊರಗೆ ಚಾಚಿ, ಇಲ್ಲದ ಕನ್ನಡಿಯನ್ನು ಒಳಕ್ಕೆ ಮಡಚುವಳು. ಅಲ್ಲಿಂದ ತರಗುಪೇಟೆಯವರೆಗೆ ಅಪ್ಪ ತುಟಿ ಬಿಚ್ಚುತ್ತಿರಲಿಲ್ಲ.

ಅವತ್ತು ಅಪ್ಪ ಇನ್ನೂ ಹಿರಿಯೂರಿನ ಹತ್ತಿರ ಇದ್ದಾಗ ಗೇಟು ತೆಗೆದುಕೊಂಡು ಬಸವಪ್ರಭು ಬಂದರು. ಹನ್ನೊಂದು ವರ್ಷ ಅಪ್ಪನ ಲಾರಿಯಲ್ಲಿ ಕ್ಲೀನರ್ ಆಗಿದ್ದವರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಕಿರಿ ಮಗಳ ಮದುವೆ ಪತ್ರಿಕೆ. ಗುರುವಿನ ಡ್ರೈವಿಂಗ್ ಕಂಡು ನಕ್ಕರು, ಕಣ್ಣೊರೆಸಿಕೊಂಡರು, ಅಲ್ಲೇ ಕಂಬಕ್ಕೊರಗಿ ನೋಡುತ್ತ ನಿಂತರು. ಶಿರಾ ಬಂತು, ಹೋಯಿತು. "ಕಲ್ಲು ತಾಗ್ತು," ಎಂದರು ಅಪ್ಪ. ಮಹಾನಂದ ಕೈ ಚಾಚಿದಳು. ಬಸವಪ್ರಭು ಮೆಟ್ಟಿಲ ಮೇಲೆ ಕುಸಿದು ಕೂತರು.

ಹೊರಡುವಾಗ ಗೇಟಿನ ಹತ್ತಿರ ಅವರೇ ಮಾತು ತೆಗೆದರು. "ಇದನ್ನ ದಿನಾ ಅಂತಾರೇನಮ್ಮ?"

"ಒಂದು ದಿನಾನೂ ತಪ್ಸಲ್ಲ. ಕಲ್ಲು ಅಂದ್ರೆ ಏನು?"

"ಕಲ್ಲಲ್ಲಮ್ಮ ಅದು. ಮನುಷ್ಯ ಅನ್ನೋಕೆ ಬಾಯಿ ಬರಲ್ವಲ್ಲ, ಅದಕ್ಕೆ ನಮ್ಮನಮ್ಮಲ್ಲಿ ಹಾಗಂತಿದ್ವಿ. ಕನ್ನಡಿ ಮಡ್ಚು ಅಂದ್ರೆ, ಹಿಂದೆ ನೋಡ್ಬೇಡ, ನಿಲ್ಸಲ್ಲ ಅಂತ."

ಮಹಾನಂದ ತನ್ನ ಎಡಗೈಯನ್ನು ನೋಡಿಕೊಂಡಳು. "ನೀವು ಮಡಚಿದ್ರಾ?"

"ಮಡಚ್ದೆ. ಅದಕ್ಕೆ ಮುಂಚೆ ನೋಡ್ಬಿಟ್ಟೆ. ಗಾಡಿ ತಾಗಿದವನು ಎದ್ದು ಕೂತಿದ್ದ. ನಿಲ್ಸಿ ಅನ್ನೋ ಹಾಗೆ ಕೈ ಎತ್ತಿದ್ದ. ಅಣ್ಣನಿಗೆ ಹೇಳ್ಲೇ ಇಲ್ಲ. ಹೇಳಿದ್ರೆ ನಿಲ್ಸಿಬಿಡ್ತಿದ್ರು, ಜನ ಸೇರಿ ನಮ್ಮನ್ನ ಸುಟ್ಟಾಕ್ತಿದ್ರು ಅನ್ನೋ ಭಯ ನನಗೆ."

"ಬದುಕಿದನಾ?"

"ಗೊತ್ತಿಲ್ಲ. ಅವತ್ತಿಂದ ಅಣ್ಣ ಮನೆಗೆ ಪೇಪರ್ ಹಾಕ್ಸೋದೇ ಬಿಟ್ಟರು."

ಅದು ನಿಜ. ಪಕ್ಕದ ಮನೆಯ ಜಗಲಿಯಲ್ಲಿ ಪೇಪರ್ ಓದಿಕೊಂಡೇ ಅವಳು ಕನ್ನಡ ಟೀಚರ್ ಆಗಿದ್ದಳು. ಅಪ್ಪನ ಜಿಪುಣತನ ಅಂದುಕೊಂಡಿದ್ದಳು.

ಮಾರನೆಯ ದಿನ ಅವಳು ಕೂರಬಾರದು ಅಂದುಕೊಂಡೇ ಬಂದು ಕೂತಳು. ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ. "ಕಲ್ಲು ತಾಗ್ತು. ಕನ್ನಡಿ ಮಡ್ಚು." ಅವಳ ಕೈ ಮೇಲೇಳಲಿಲ್ಲ. "ಮಡ್ಚೋ!" ಅಪ್ಪ ಗದರಿದರು. ಅವಳ ಗಂಟಲಿನಿಂದ ಹೊರಟ ದನಿ ಅವಳದೇ ಅನ್ನಿಸಲಿಲ್ಲ. "ಎದ್ದು ಕೂತಿದಾನೆ. ಕೈ ಎತ್ತಿದಾನೆ. ಹೋಲ್ಡಾನ್! ಹೋಲ್ಡಾನ್!"

ಅಪ್ಪನ ಬಲಗಾಲು ನೆಲವನ್ನು ಅಪ್ಪಳಿಸಿತು. ಬ್ರೇಕು ಬಿದ್ದ ಲಾರಿಯೊಳಗೆ ಕೂತವಳಂತೆ ಮಹಾನಂದ ಮುಂದಕ್ಕೆ ಮುಗ್ಗರಿಸಿದಳು. ತಲೆಯೆತ್ತುವಷ್ಟರಲ್ಲಿ ಅಪ್ಪ ಎದ್ದಿದ್ದರು. ಕೋಲಿಲ್ಲ. ಮೂರು ಮೆಟ್ಟಿಲು ಇಳಿದು, ಗೇಟು ದಾಟಿ, ರಸ್ತೆಯಂಚಿನಲ್ಲಿ ಬಗ್ಗಿದರು. ಯಾರದೋ ಕಂಕುಳಿಗೆ ಕೈಕೊಟ್ಟು ಎಬ್ಬಿಸುವ ಹಾಗೆ ಎತ್ತಿದರು. ಕತ್ತಿನ ನರಗಳು ಉಬ್ಬಿ ನಿಂತವು. ತರಕಾರಿ ಗಾಡಿ ತಳ್ಳಿಕೊಂಡು ಬರುತ್ತಿದ್ದ ಹೆಂಗಸು ಗಾಡಿಯನ್ನು ಪಕ್ಕಕ್ಕೆ ಎಳೆದು ದಾರಿ ಬಿಟ್ಟಳು. ಒಬ್ಬರಿಗೆ ಬೇಕಾಗುವುದಕ್ಕಿಂತ ಹೆಚ್ಚು ದಾರಿ. ಅಪ್ಪ ಒಂದೊಂದೇ ಹೆಜ್ಜೆಯಿಟ್ಟು, ನಿಂತು ನಿಂತು, ಮೆಟ್ಟಿಲು ಹತ್ತಿ ಬಂದರು.

"ಸರ್ಕೋ," ಎಂದರು. "ಮೂರು ಜನ ಕೂರ್ಬೇಕು."

ಮಹಾನಂದ ಬೆಂಚಿನ ತುದಿಗೆ ಸರಿದಳು. ಅಪ್ಪ ತಮ್ಮ ಜಾಗದಲ್ಲಿ ಕೂರುವ ಮೊದಲೇ ನಡುವಿನ ಹಲಗೆ ಒಮ್ಮೆ ಕಿರುಗುಟ್ಟಿ ತುಸು ಬಗ್ಗಿತು. ಅವಳು ಆ ಕಡೆ ನೋಡಲಿಲ್ಲ. ಬಲಭುಜಕ್ಕೆ ತಂಪು ತಾಗಿದರೂ ಅಲುಗಾಡಲಿಲ್ಲ. ಅಪ್ಪ ಸ್ಟೇರಿಂಗ್ ಹಿಡಿದು, ನಡುವಿನ ಖಾಲಿ ಜಾಗದತ್ತ ಬಾಗಿ, ಮನೆಗೆ ಬಂದ ನೆಂಟರನ್ನು ವಿಚಾರಿಸುವ ಹಾಗೆ ಕೇಳಿದರು. "ಯಾವೂರಾಯ್ತಣ್ಣ ನಿಮ್ದು?"

ಕಿವಿಗೊಟ್ಟು ಕಾದರು. ಬೀದಿಯ ಆಟೋಗಳ ಸದ್ದು ಎಲ್ಲಿ ಅಡಗಿತೋ. ಆಮೇಲೆ ತಲೆಯಾಡಿಸಿದರು. ಶಿರಾ ದಾಟಿದ ಮೇಲೆ ದಿನಾ ಬಿಗಿದುಕೊಳ್ಳುತ್ತಿದ್ದ ಅವರ ಮುಖ ಮೊದಲ ಬಾರಿಗೆ ಸಡಿಲವಾಯಿತು.

"ಇವರ ಮನೆ ಇಲ್ಲೇ ಹತ್ರ ಅಂತೆ," ಎಂದು ಮಗಳಿಗೆ ಹೇಳಿ ಗೇರ್ ಹಾಕಿದರು. "ಇಳಿಸ್ಬಿಟ್ಟು ಹೋಗೋಣ. ಕಾಯ್ತಾ ಇರ್ತಾರೆ."