ಕಿವಿಯ ಮೂಳೆ

ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಊಲ್ಕಾನ್ ಅಜ್ಜಿ ತಲೆಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಸಂತೆಯಲ್ಲಿ ಕಲ್ಲಂಗಡಿ ಆರಿಸುವವಳಂತೆ ಅತ್ತಿತ್ತ ತಿರುಗಿಸಿ ನೋಡಿದಳು. ಕಿವಿಯ ಜಾಗದಲ್ಲಿ, ಎರಡೂ ಕಡೆ, ಹೆಬ್ಬೆರಳು ತೂರುವಷ್ಟು ತೂತು.

"ಇವನ ಕಿವಿ ಏನಾಯ್ತು ಮಗಳೇ?" ಎಂದಳು.

ಎರಡು ವರ್ಷದ ಹಿಂದೆ ಖಬರಸ್ಥಾನದ ಪಕ್ಕ ಕಾಲುವೆ ತೋಡುವಾಗ ಸಿಕ್ಕಿದ ಮೂಳೆಗಳು ಅವು. ಸತ್ತು ನಾಲ್ಕು ಸಾವಿರ ವರ್ಷವಾಗಿದೆ ಎಂದು ಹೇಳಿ ರಾಜಧಾನಿ ಬಿಷ್ಕೆಕ್‌ಗೆ ಒಯ್ದವಳು ಚೋಲ್ಪೊನ್, ಡಿಎನ್‌ಎ ಓದುವ ವಿಜ್ಞಾನಿ. ಒಂದು ಮೂಳೆಯೂ ಕಳೆಯದಂತೆ ವಾಪಸು ತರುತ್ತೇನೆಂದು ಆಗ ಅವಳಿಂದ ಕಾಗದ ಬರೆಸಿಕೊಂಡವಳು ಊರಿಗೆ ಹಿರಿಯಳಾದ ಈ ಅಜ್ಜಿಯೇ. ಈಗ ಗುಂಡಿ ತೋಡಿ ಆಗಿತ್ತು. ದೊಡ್ಡ ಕಡಾಯಿಯಲ್ಲಿ ಕುರಿ ಬೇಯುತ್ತಿತ್ತು. ಊರೆಲ್ಲ ಸೇರಿತ್ತು.

ಚೋಲ್ಪೊನ್ ಸಮಾಧಾನವಾಗಿ ವಿವರಿಸಿದಳು. ಕಿವಿಯ ಒಳಗಿನ ಮೂಳೆ ಮೈಯಲ್ಲೇ ಅತಿ ಗಟ್ಟಿ, ಉಳಿದದ್ದೆಲ್ಲ ಮಣ್ಣಾದರೂ ಅದರೊಳಗೆ ಡಿಎನ್‌ಎ ಉಳಿದಿರುತ್ತದೆ, ಅದನ್ನು ಕೊರೆದು ಪುಡಿ ಮಾಡಿಯೇ ಓದಬೇಕು. ಬಲಗಿವಿಯದ್ದನ್ನು ತಾವು ಓದಿದರಂತೆ, ಎಡಗಿವಿಯದ್ದನ್ನು ತಾಳೆ ನೋಡಲು ಇನ್ನೊಂದು ಪ್ರಯೋಗಾಲಯಕ್ಕೆ ಕಳಿಸಿದರಂತೆ. ಈತನ ಹಿಂದಿನವರು ಪಡುವಣದ ಹುಲ್ಲುಗಾವಲಿನಿಂದ ದನ ಹೊಡೆದುಕೊಂಡು ಬಂದವರು, ಈತನದು ಕಂದು ಕಣ್ಣು, ಹಾಲು ಮಾತ್ರ ಅರಗುತ್ತಿರಲಿಲ್ಲ ಎಂದಳು. ಅಷ್ಟು ದನ ಕಾಯ್ದವನಿಗೆ ಹಾಲೇ ಆಗುತ್ತಿರಲಿಲ್ಲವೆಂದು ಕೇಳಿ ಜನ ನೊಂದುಕೊಂಡರು. ಒಬ್ಬಾಕೆ ಕಣ್ಣನ್ನೂ ಒರೆಸಿಕೊಂಡಳು.

ಅಜ್ಜಿ ಕರಗಲಿಲ್ಲ. "ಪುಡಿ ಎಲ್ಲಿ?"

"ಓದುವಾಗ ರಾಸಾಯನಿಕದಲ್ಲಿ ಕರಗಿಸ್ಬೇಕು ಅಜ್ಜಿ. ಮುಗಿದುಹೋಯ್ತು."

"ಎರಡು ಕಿವೀದೂ?"

ಹೌದೆಂದಳು ಚೋಲ್ಪೊನ್.

"ಹಾಗಾದ್ರೆ ಕಯಾಮತ್ತಿನ ದಿನ ಸತ್ತವರನ್ನ ಎಬ್ಬಿಸೋ ಕಹಳೆ ಊದಿದಾಗ ಎಲ್ಲರೂ ಎದ್ದು ಹೋಗ್ತಾರೆ, ಇವನೊಬ್ಬ ಮಲಗೇ ಇರ್ತಾನೆ," ಎಂದು ಅಜ್ಜಿ ಬುರುಡೆಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು.

ಮೌಲ್ವಿ ಸುಯುನ್ ಮುಂದೆ ಬಂದ. ಮಣ್ಣಿನಿಂದ ಮನುಷ್ಯನನ್ನೇ ಮಾಡಿದವನಿಗೆ ಒಂದು ಜೊತೆ ಕಿವಿ ಮಾಡುವುದು ಕಷ್ಟವೇ ಎಂದು ಕೇಳಿದ. ಕಷ್ಟವಿಲ್ಲ, ಆದರೆ ಅವತ್ತು ಅವನಿಗೆ ಎಷ್ಟೊಂದು ಕೆಲಸವಿರುತ್ತದೆ, ನಾವು ಕಳೆದದ್ದನ್ನು ನಾವೇ ನೋಡಿಕೊಳ್ಳಬೇಕು ಎಂದಳು ಅಜ್ಜಿ. ಮರದಲ್ಲಿ ಕಿವಿ ಕೆತ್ತಿಸೋಣ ಎಂದು ಬಡಗಿ ಹೇಳಿದ. ಮೇಕೆಯ ಕಿವಿಮೂಳೆ ಇಟ್ಟರೆ ಹೇಗೆ ಎಂದು ಇನ್ನೊಬ್ಬ ಕೇಳಿದ. ಮೇಕೆಯನ್ನು ಕರೆದಾಗ ಮಾತ್ರ ಏಳುತ್ತಾನೆ ಎಂದು ಮತ್ತೊಬ್ಬ ತಳ್ಳಿಹಾಕಿದ. ಇದನ್ನು ಅವರು ಒಂದು ಗಂಟೆ ಚರ್ಚಿಸಿದರು. ಯಾರೂ ನಗಲಿಲ್ಲ. ಕಡಾಯಿಯಲ್ಲಿ ಮಾಂಸ ಬೆಂದು ಮೂಳೆ ಬಿಡುತ್ತಿತ್ತು.

ಕೊನೆಗೆ ಸುಯುನ್‌ಗೆ ಬೇಸರ ಬಂತು. "ಅಕ್ಕ, ಕಹಳೆ ಸದ್ದು ಅಂದ್ರೆ ಸಾಮಾನ್ಯವಾ? ಬೆಟ್ಟವೇ ಒಡೆದುಹೋಗುತ್ತೆ."

"ಅವತ್ತೂ ಬೆಟ್ಟ ಒಡೆದಷ್ಟೇ ಸದ್ದಾಗಿತ್ತಲ್ಲಪ್ಪ," ಎಂದಳು ಅಜ್ಜಿ. "ನೀವೂ ಕೂಗಿದ್ರಿ. ಕೂಗಿದ್ದು ಸಾಲಲಿಲ್ಲ ಸುಯುನ್. ಯಾರಾದ್ರೂ ಹೋಗಿ ಮುಟ್ಟಬೇಕಿತ್ತು."

ಅಜ್ಜಿಯ ಗಂಡ ತೊಕ್ತೊಸುನ್ ಗಣಿಯಲ್ಲಿ ಬಂಡೆ ಸಿಡಿಸಿ ಸಿಡಿಸಿ ಕಿವಿ ಕಳೆದುಕೊಂಡವನು. ಆಮೇಲೆ ಕುರಿ ಕಾಯುತ್ತಿದ್ದ. ಮೇಲಿನಿಂದ ಹಿಮ ಜಾರಿದ ದಿನ ಅವನು ಬೆನ್ನು ಮಾಡಿ ನಿಂತು ಕುದುರೆಯ ಜೀನು ಬಿಗಿಯುತ್ತಿದ್ದ. ಜೊತೆಗಿದ್ದ ಮೂವರು ಕೂಗುತ್ತ ಓಡಿದರು. ಅವರಲ್ಲಿ ಸುಯುನ್ ಒಬ್ಬ. ಆಗಿನ್ನೂ ಅವನು ಮೌಲ್ವಿಯಾಗಿರಲಿಲ್ಲ.

ಬುರುಡೆಯನ್ನು ಮಡಿಲಲ್ಲೇ ಇಟ್ಟುಕೊಂಡು ಅಜ್ಜಿಯೇ ದಾರಿ ಹೇಳಿದಳು. ಗಂಡನ ಗೋರಿಯ ಎಡಕ್ಕೆ ತನಗೆಂದು ಜಾಗ ಹಿಡಿದಿಟ್ಟಿದ್ದಾಳೆ, ಅವನನ್ನು ಎಬ್ಬಿಸಲೆಂದೇ. ತನ್ನ ಆ ಕಡೆಗೆ ಇವನನ್ನು ಹೂಳಿದರೆ ಇನ್ನೊಂದು ಕೈಯಲ್ಲಿ ಇವನನ್ನೂ ತಟ್ಟುತ್ತಾಳೆ. ಗಂಡಸರು ಮುಖ ಮುಖ ನೋಡಿಕೊಂಡರು. ಹೆಂಗಸಿನ ಪಕ್ಕ ಪರಪುರುಷ ಮಲಗುವುದೆಂದರೆ! ಎಲ್ಲರೂ ಮೌಲ್ವಿಯ ಕಡೆ ತಿರುಗಿದರು. ಸುಯುನ್ ನೆಲ ನೋಡುತ್ತ ನಿಂತಿದ್ದವನು ಚೋಲ್ಪೊನ್‌ಳನ್ನು ಕೇಳಿದ.

"ಇವನು ಅಕ್ಕನಿಗೆ ಏನಾಗ್ಬೇಕು?"

"ಇವನ ವಂಶ ಉಳಿದಿದ್ರೆ, ಅಷ್ಟು ಹಿಂದಿನವನು ಅಂದ್ಮೇಲೆ, ಈ ಕಣಿವೆಯ ಎಲ್ಲರಿಗೂ ಅಜ್ಜನೇ ಆಗ್ಬೇಕು."

"ಮಕ್ಕಳಾಗಿದ್ವಾ?"

"ಅದನ್ನ ಈ ಮೂಳೆ ಹೇಳಲ್ಲ."

"ಇಲ್ಲ ಅಂತಲೂ ಹೇಳಲಿಲ್ಲ ತಾನೇ," ಎಂದ ಸುಯುನ್. "ಅಜ್ಜ. ತೋಡಿ."

ತೋಡಿದ್ದ ಗುಂಡಿಯನ್ನು ಮುಚ್ಚಿ, ಅಜ್ಜಿಯ ಗಂಡನ ಗೋರಿಯವರೆಗೆ ಮೇಲೆ ಹತ್ತಿ, ಹೊಸದು ತೋಡಿದರು. ಅಜ್ಜಿ ತನ್ನ ಖಾಲಿ ಜಾಗದಲ್ಲಿ ಮಲಗಿ, ಎರಡೂ ತೋಳು ಚಾಚಿ, ದೂರ ಸರಿಯಾಗಿದೆಯೇ ಎಂದು ನೋಡಿಕೊಂಡಳು. ಒಂದು ಗೇಣು ಈಚೆಗೆ ಎಂದಳು. ಒಂದು ಗೇಣು ಈಚೆಗೆ ತೋಡಿದರು.

ಮಣ್ಣು ಎಳೆದಾಯಿತು. ಚೋಲ್ಪೊನ್ ಊಟ ಮುಗಿಸಿ ಕಾರು ಹತ್ತುವಾಗ ಅಜ್ಜಿ ಅವಳ ಕೈ ಹಿಡಿದು, ಇಂಥ ಕಿವಿ ಇಲ್ಲದವರು ನಿನ್ನ ಹತ್ತಿರ ಇನ್ನೆಷ್ಟು ಜನ ಇದ್ದಾರೆ ಎಂದು ಕೇಳಿದಳು. ಸುಳ್ಳು ಹೇಳಲು ಚೋಲ್ಪೊನ್‌ಗೆ ಬಾಯಿ ಬರಲಿಲ್ಲ. ಉಗ್ರಾಣದಲ್ಲಿ ಇನ್ನೂರ ಹದಿನಾಲ್ಕು ಪೆಟ್ಟಿಗೆಗಳಿವೆ ಎಂದಳು.

ಅಜ್ಜಿ ಗುಡ್ಡದ ಕಡೆ ತಿರುಗಿ ನೋಡಿದಳು.

"ಕರ್ಕೊಂಡು ಬಾ. ಕೈಗೆ ಕೈ ತಾಗೋ ಹಾಗೆ ಸಾಲಾಗಿ ಮಲಗಿಸೋಣ. ನಾನು ಇವನನ್ನ ಎಬ್ಬಿಸ್ತೀನಿ, ಪಕ್ಕದವನನ್ನ ಇವನು ಎಬ್ಬಿಸಲಿ. ಎಲ್ಲಾನೂ ನಾನೊಬ್ಬಳೇ ಮಾಡೋಕಾಗಲ್ಲ."

ಸುಯುನ್ ಆಗಲೇ ಗುಡ್ಡದ ಖಾಲಿ ಇಳಿಜಾರಿನಲ್ಲಿ ಹೆಜ್ಜೆ ಎಣಿಸುತ್ತ ಹೊರಟಿದ್ದ.