ಪಂಪು ನಿಲ್ಲಬಾರದು

ತಾವೇ ಮಾಡಿದ ನೀರು ಸೋಸುವ ಡಬ್ಬದ ಹಿಂಬದಿಯಲ್ಲಿ ಕಿತ್ತುಬಂದ ವೈರನ್ನು ಅವಳು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು. ಹಾಗೆ ಹಿಡಿದಿದ್ದರಿಂದಲೇ ಪಂಪು ಗುಂಯ್ ಎನ್ನುತ್ತಿತ್ತು, ಕೊಳಕು ನೀರು ತಿಳಿಯಾಗಿ ಲೋಟಕ್ಕೆ ಇಳಿಯುತ್ತಿತ್ತು. ಬೆಸುಗೆ ಬಿಟ್ಟದ್ದು ಸ್ಪರ್ಧೆಯ ತೀರ್ಪುಗಾರರು ಮೇಜಿನ ಮುಂದೆ ಬಂದು ನಿಂತ ಮೇಲೆ. ಈಗ ವೈರು ಕೆಂಡವಾಗಿತ್ತು, ಅವಳು ನಗುತ್ತಲೇ ಇದ್ದಳು. ಗೆದ್ದರೆ ಯೂನಿವರ್ಸಿಟಿಯಲ್ಲೇ ಅವಳೂ ಕ್ಲಾಸಿನ ಗೆಳೆಯನೂ ಸೇರಿ ಕಟ್ಟಿದ ಕಂಪನಿಗೊಂದು ಕೋಣೆ ಸಿಗುತ್ತಿತ್ತು. ಸೋತರೆ, ಇದನ್ನೇ ನಂಬಿ ಒಂದೇ ಒಂದು ಕ್ಯಾಂಪಸ್ ಇಂಟರ್‌ವ್ಯೂಗೂ ಹೋಗಲಿಲ್ಲವೆಂದು ಅಪ್ಪನಿಗೆ ಯಾವ ಬಾಯಲ್ಲಿ ಹೇಳುವುದು?

"ಭೇಷ್! ಈ ಕಡೆ ಬಾಮ್ಮ," ಎಂದು ಹಿರಿಯ ತೀರ್ಪುಗಾರರು ಮೇಜಿನ ಆಚೆಯಿಂದ ಕೈ ಚಾಚಿದರು.

ಅವಳು ಪಕ್ಕದಲ್ಲಿದ್ದ ಪಾಲುದಾರನತ್ತ ನೋಡಿದಳು. ದಪ್ಪ ಕನ್ನಡಕದ ಅವನನ್ನು ಕ್ಲಾಸಿನವರೆಲ್ಲ ಸೋಡಾಬುಡ್ಡಿ ಎನ್ನುತ್ತಿದ್ದರು. ಈ ಕಂಪನಿಗಾಗಿ ಪ್ರಾಣ ಬೇಕಾದರೂ ಕೊಡುತ್ತೇನೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದವನು ಅವನೇ.

"ಲೋ, ಇಲ್ಲಿ ಒತ್ಕೋ," ಎಂದಳು ತುಟಿ ಅಲುಗದಂತೆ. "ಬಿಡ್ಬೇಡ ಕಣೋ, ನಿನ್ನ ಕಾಲಿಗೆ ಬೀಳ್ತೀನಿ."

"ಅಷ್ಟೇ ತಾನೆ? ನೀನು ಹೋಗೇ."

ಬೆರಳಿನ ಜಾಗಕ್ಕೆ ಬೆರಳು ಬಂತು. ಪಂಪು ನಿಲ್ಲಲಿಲ್ಲ.

ಅವಳು ಮೇಜು ಬಳಸಿ ಓಡಿಬಂದು ಕೈ ನೀಡಿದಳು. ಕುಲುಕಲು ಹೋದ ಹಿರಿಯರು ಅರ್ಧಕ್ಕೇ ನಿಲ್ಲಿಸಿದರು. ಬೊಬ್ಬೆಯೆದ್ದು ಬೆಳ್ಳಗಾಗಿದ್ದ ಅವಳ ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಇದೇನಮ್ಮಾ ಇದು?"

"ಏನಿಲ್ಲ ಸರ್," ಎಂದಳು. ಅವಳ ಜೀವವೆಲ್ಲ ಬೆನ್ನ ಹಿಂದಿನ ಆ ಗುಂಯ್ ಸದ್ದಿನಲ್ಲಿತ್ತು.

"ಅಯ್ಯಮ್ಮಾ!" ಎಂದು ಸೋಡಾಬುಡ್ಡಿ ಚೀರಿದ. ಸದ್ದು ನಿಂತಿತು.